ನಾಯಿಯಿಂದ ಅಪ್ಪನಿಗೆ ಬಡ್ತಿ

ಅಪ್ಪನಾಗಿಯೇ ತೀರುತ್ತೇನೆಂದು ನಾನು ಶಪಥ ಮಾಡಿದಾಗ ನನ್ನ ಮಗಳು ಕಾಲೇಜು ಮೆಟ್ಟಿಲು ಹತ್ತಿಯಾಗಿತ್ತು. ಗಾಬರಿಯಾಗಬೇಡಿ, ವಿಷಯ ಹಾಗಲ್ಲ. ನಾನು ಕಾರ್ಟೂನುಗಳಿಗೆ ದನಿ ಕೊಡುವ ಕಲಾವಿದ. ಟಿವಿಯಲ್ಲಿ ಸಂಜೆ ಹೊತ್ತು ಒಂದು ಕಿತ್ತಾಟದ ಕುಟುಂಬ ಬರುತ್ತದಲ್ಲ, ಗಂಡನಿಗೆ ಹೆಂಡತಿಯನ್ನು ಕಂಡರಾಗದು, ಹೆಂಡತಿಗೆ ಮಕ್ಕಳನ್ನು ಕಂಡರಾಗದು, ಮಕ್ಕಳಿಗೆ ಯಾರನ್ನೂ ಕಂಡರಾಗದು, ಆ ಧಾರಾವಾಹಿಯಲ್ಲಿ ಮೊದಲಿನಿಂದಲೂ ನಾನೇ ನಾಯಿ. ಆ ಮನೆಯಲ್ಲಿ ಮಾನ ಮರ್ಯಾದೆ ಇರುವ ಏಕೈಕ ಜೀವ ಅದು. ಆದರೂ ನಾಯಿ ನಾಯಿಯೇ. ಕಂತು ಮುಗಿದ ಮೇಲೆ ನನ್ನ ಹೆಸರು ಬರುವಷ್ಟರಲ್ಲಿ ಜಾಹೀರಾತು ಬಂದು ಅದನ್ನು ನುಂಗಿ ಹಾಕುತ್ತದೆ.

ಹೀಗಿರುವಾಗ ಅಪ್ಪನ ಪಾತ್ರದವರು ಕೆಲಸ ಬಿಟ್ಟರು. ಸಿಕ್ಕಿತು ಅವಕಾಶ ಎಂದುಕೊಂಡು ನೆಟ್ಟಗೆ ನಿರ್ದೇಶಕರ ಮುಂದೆ ಹೋಗಿ ನಿಂತೆ.

"ಬೊಗಳೋದು ಬೇರೆ, ಗದರೋದು ಬೇರೆ ಕಣ್ರೀ," ಎಂದರು.

"ನಾನೂ ಸಂಸಾರಸ್ಥ ಸಾರ್."

"ನನಗಿರೋ ಅನುಮಾನವೇ ಅದು."

ಕಡೆಗೆ ಒಂದು ಹಾಳೆ ಕೊಟ್ಟರು. ಅಪ್ಪ ಇಡೀ ಕುಟುಂಬವನ್ನು ಸಾಲಾಗಿ ನಿಲ್ಲಿಸಿ ಗದರುವ ದೃಶ್ಯ. ಮರುದಿನ ಬೆಳಿಗ್ಗೆ ಗದರಿ ತೋರಿಸಬೇಕು. ಆಗದಿದ್ದರೆ ಹೊರಗಿನವರನ್ನು ಕರೆಸುತ್ತಾರೆ, ನಾನು ಗಂಟಲಿರುವ ತನಕ ಬೊಗಳಿಕೊಂಡಿರಬೇಕು.

ಮನೆಗೆ ಬರುವ ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡೆ. ನನ್ನ ಸಂಸಾರದಲ್ಲಿ ನಾನು ಗದರಿದ ದಾಖಲೆಯೇ ಇಲ್ಲ. ಗದರಿಸಿಕೊಂಡ ಅನುಭವ ಮಾತ್ರ ಅಪಾರ. ಆಗ ಮಹಾನ್ ಕಲಾವಿದರಿಗಷ್ಟೇ ಹೊಳೆಯುವಂಥ ಉಪಾಯ ಹೊಳೆಯಿತು: ಯಾರಿಗೂ ಹೇಳದೆ ಮನೆಯವರ ಮೇಲೇ ತಾಲೀಮು!

ಊಟದ ಮೇಜಿನ ಮುಂದೆ ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ಮಗಳು ಮೊಬೈಲಿನಲ್ಲಿ ಮುಳುಗಿದ್ದಳು. ನಮ್ಮ ಜೊತೆಯಲ್ಲೇ ಇರುವ ಅತ್ತೆ, ಅಂದರೆ ಹೆಂಡತಿಯ ತಾಯಿ, ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನಾನು ಬಾಯಿಪಾಠ ಮಾಡಿಕೊಂಡ ಹಾಳೆಯನ್ನು ಬೆನ್ನ ಹಿಂದೆ ಹಿಡಿದು, ಎದೆಯುಬ್ಬಿಸಿ ಮೊದಲ ಸಾಲು ಬಿಟ್ಟೆ.

"ನನಗೆ ಎಲ್ಲಾ ಗೊತ್ತಾಗಿದೆ!"

ಮಗಳ ಕೈಯಿಂದ ಮೊಬೈಲು ಜಾರಿತು.

"ಸಾರಿ ಅಪ್ಪ. ನಿನ್ನ ಸ್ಕೂಟರ್‌ನ ಗೇಟಿಗೆ ಗುದ್ದಿದ್ದು ನಾನೇ. ನೆಗ್ಗಿದ್ದು ಕಾಣಬಾರದು ಅಂತ ಸೂರ್ಯಕಾಂತಿ ಸ್ಟಿಕ್ಕರ್ ಅಂಟಿಸ್ದೆ."

ಅಪ್ಪನ ಮೇಲಿನ ಪ್ರೀತಿಗೆ ಮಗಳು ಅಂಟಿಸಿದ್ದೆಂದು ಆ ಸ್ಟಿಕ್ಕರನ್ನು ಸ್ಟುಡಿಯೋದವರನ್ನೆಲ್ಲ ಕರೆದು ತೋರಿಸಿದ್ದೆ. ನಿಜಕ್ಕೂ ಹೊಟ್ಟೆ ಉರಿಯಿತು. ಒಳ್ಳೆಯದೇ ಆಯಿತು, ದನಿಗೆ ಕಾವು ಬಂತು. ಎರಡನೇ ಸಾಲು: "ಇಷ್ಟೇನಾ? ಇನ್ನೂ ಇದೆ. ನೀವಾಗೇ ಬಾಯಿ ಬಿಡ್ತೀರೋ, ನಾನೇ ಹೇಳ್ಲೋ?"

ಅತ್ತೆ ಎದ್ದು ನಿಂತರು. "ತಪ್ಪು ತಿಳ್ಕೋಬೇಡಿ ಅಳಿಯಂದ್ರೇ. ನಿಮ್ಮಳಿಯ ಏನಾಗಿದ್ದಾರೆ ಅಂತ ಪಕ್ಕದ ಮನೆಯವಳು ಕೇಳಿದ್ಲು. ನಾಯಿ ಅಂತ ಹೇಗೆ ಹೇಳೋದು? ನಾಯಿ ಡಾಕ್ಟರು ಅಂದ್ಬಿಟ್ಟೆ."

ಆ ಪಕ್ಕದ ಮನೆಯಾಕೆ ಆಗಾಗ ತನ್ನ ಬೆಕ್ಕನ್ನು ಎತ್ತಿಕೊಂಡು ಬಂದು, ಅದರ ಬಾಯಿ ಅಗಲಿಸಿ ನನಗೆ ತೋರಿಸುತ್ತಿದ್ದುದು ಯಾಕೆಂದು ಆಗ ತಿಳಿಯಿತು. ನಾನು ಸೌಜನ್ಯಕ್ಕೆ "ಚೆನ್ನಾಗಿದೆ" ಎನ್ನುತ್ತಿದ್ದೆ. ಆಕೆ ನೆಮ್ಮದಿಯಿಂದ ಹೋಗುತ್ತಿದ್ದಳು.

ಮೂರನೇ ಸಾಲಿಗೆ ಕಿಟಕಿಯ ಬಾಗಿಲುಗಳೇ ನಡುಗಿದವು. "ಈ ಮನೇಲಿ ಯಜಮಾನ ಯಾರು ಅಂತ ಇವತ್ತು ತೀರ್ಮಾನ ಆಗ್ಲಿ!"

ಹೆಂಡತಿ ಚಾಕು ಕೆಳಗಿಟ್ಟಳು. ತಲೆ ತಗ್ಗಿಸಿದಳು. ಮದುವೆಯಾದ ಮೇಲೆ ಅವಳ ಬೈತಲೆಯನ್ನು ನಾನು ಪೂರ್ತಿಯಾಗಿ ಕಂಡದ್ದು ಅದೇ ಮೊದಲು.

"ನಿಮ್ಮ ನೀಲಿ ಶರ್ಟು ಲಾಂಡ್ರಿಯವನು ಕಳೆದುಹಾಕ್ಲಿಲ್ಲ ರೀ. ನೆಲ ಒರೆಸೋ ಬಟ್ಟೆ ಅದೇನೇ."

ಮೊನ್ನೆ ಅದೇ ಬಟ್ಟೆಯಿಂದ ಅಡುಗೆಮನೆ ಒರೆಸಿ, "ಒಳ್ಳೇ ಬಟ್ಟೆ ಕಣೇ, ಎಷ್ಟು ನೀರು ಹೀರುತ್ತೆ" ಎಂದು ಮೆಚ್ಚಿದವನು ನಾನೇ.

ಆದರೇನು, ಗೆದ್ದಿದ್ದೆ. ಮೂರು ತಲೆಮಾರು ನನ್ನೆದುರು ತಲೆ ತಗ್ಗಿಸಿ ನಿಂತಿತ್ತು. ಚಕ್ರವರ್ತಿಗಳು ನಿಲ್ಲುವ ಭಂಗಿ ಯಾವುದೆಂದು ನೆನಪಿಸಿಕೊಂಡು ಎರಡೂ ಕೈ ಸೊಂಟದ ಮೇಲಿಟ್ಟೆ. ಹಾಳೆ ಕೆಳಗೆ ಬಿತ್ತು.

ಮಗಳು ಎತ್ತಿಕೊಂಡು ಓದಿದಳು. "ಅಮ್ಮಾ, ಅಪ್ಪಂಗೆ ಏನೂ ಗೊತ್ತಿಲ್ಲ. ಇದು ಕಾರ್ಟೂನ್ ಡೈಲಾಗು."

ಮೂರು ತಲೆಗಳೂ ಒಟ್ಟಿಗೆ ಮೇಲೆದ್ದವು.

"ಇದನ್ನ ಬರೆದವರು ಯಾರು?" ಹೆಂಡತಿ ತಣ್ಣಗೆ ಕೇಳಿದಳು.

"ನಿರ್ದೇಶಕರು."

"ನಾಳೆ ನಾನೂ ಬರ್ತೀನಿ. ಅವರ ಹತ್ರ ಒಂದೆರಡು ಮಾತಾಡೋದಿದೆ."

ಬಂದಳು. ಆದರೆ ಅಮ್ಮನ ಪಾತ್ರದಾಕೆ ಇನ್ನೂ ಬಂದಿರಲಿಲ್ಲ. ಇವಳು ಬಾಯಿ ತೆರೆಯುವ ಮೊದಲೇ ನಿರ್ದೇಶಕರು, "ದೇವರ ಹಾಗೆ ಬಂದ್ರಿ ಮೇಡಂ. ಅಮ್ಮಂದು ಒಂದೇ ಮಾತಿದೆ, ಓದಿಬಿಡಿ" ಎಂದು ಕೈಗೊಂದು ಹಾಳೆ ಕೊಟ್ಟು ಇನ್ನೊಂದು ಮೈಕಿನ ಮುಂದೆ ನಿಲ್ಲಿಸಿದರು.

ನಮ್ಮ ಕೆಲಸದ ಕಷ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ಪರದೆಯ ಮೇಲಿನ ಬೊಂಬೆಯ ಬಾಯಿ ಎಷ್ಟು ತೆರೆಯುತ್ತದೋ ನಮ್ಮ ಮಾತೂ ಅಷ್ಟೇ ಇರಬೇಕು. ಈ ಅಪ್ಪನ ಬಾಯಿ ಮೊದಲು ಗುಹೆಯಷ್ಟು ತೆರೆಯುತ್ತದೆ. ಅಮ್ಮ ಮಾತಾಡಿದ ಮೇಲೆ ಅಂಗಿಯ ಗುಂಡಿಯಷ್ಟಾಗಿ ಅದುರುತ್ತದೆ. ಹಾಳೆಯಲ್ಲೋ ಕೊನೆತನಕ ಗದರಿಕೆಯೇ. ಹಿಂದಿನ ಅಪ್ಪ ಕೆಲಸ ಬಿಟ್ಟದ್ದೇ ಈ ದೃಶ್ಯದ ಕಾಟಕ್ಕಂತೆ.

ನಾನು ಹಿಂದೆ ಮುಂದೆ ನೋಡದೆ ಗುಡುಗಿದೆ. ಸ್ಕೂಟರು, ಬೆಕ್ಕು, ಶರ್ಟು, ಎಲ್ಲದರ ಸಿಟ್ಟೂ ಸೇರಿ, ನಿರ್ದೇಶಕರು ಕೂತಿದ್ದ ಕೋಣೆಯ ಗಾಜು ಅದುರಿತು. "ಯಜಮಾನ ಯಾರು ಅಂತ ಇವತ್ತು ತೀರ್ಮಾನ ಆಗ್ಲಿ!"

ಹೆಂಡತಿ ತನ್ನ ಹಾಳೆಯನ್ನು ನೋಡಲೇ ಇಲ್ಲ. ನನ್ನ ಮುಖ ನೋಡಿದಳು.

"ಏನಂದ್ರಿ?"

"ನಾನೇ ಯಜಮಾನ, ನಂದೇ ಕೊನೇ ಮಾತು" ಎಂದು ನಾನು ಅಬ್ಬರಿಸಬೇಕಿತ್ತು. ಬಾಯಿಂದ ಹೊರಟಿದ್ದೇ ಬೇರೆ. "ಏನಿಲ್ಲ... ಹಾಗಲ್ಲ... ಸುಮ್ನೆ ಅಂದೆ... ನೀನು ಹೇಳಿದ ಹಾಗೇ ಆಗ್ಲಿ."

ಮುಗಿಯಿತು ಕಥೆ ಎಂದುಕೊಂಡೆ. ಇನ್ನು ಬೊಗಳುವುದೇ ಗತಿ. ದುಃಖ ಒತ್ತರಿಸಿ ಬಂತು, ಕಣ್ಣು ತೇವವಾಯಿತು. ಆದರೆ ಗಾಜಿನಾಚೆ ನಿರ್ದೇಶಕರು ಕುರ್ಚಿ ಒದ್ದು ಎದ್ದು ಕುಣಿಯುತ್ತಿದ್ದರು!

"ಬಾಯಿಗೆ ಬಾಯಿ ಕೂತ್ಬಿಡ್ತು ಕಣ್ರೀ! ತುಟಿ ಅದುರಿದ ಕಡೆ ದನಿಯೂ ಅದುರಿದೆ. ಇನ್ಮೇಲೆ ನೀವೇ ಅಪ್ಪ!"

ಮಹಾಜನಗಳೇ, ನಾನು ಅಪ್ಪನಾದೆ. ನಿರ್ದೇಶಕರು ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ಎಂಥಾ ನಟನೆ! ಎಲ್ಲಿ ಕಲಿತ್ರಿ?" ಎಂದರು. ನಾನು ಕಾಲರು ಸರಿಮಾಡಿಕೊಂಡು, ಕಲೆಯೆಂದರೆ ತಪಸ್ಸು, ಸಾಧನೆ ಎಂದು ಭಾಷಣ ಶುರು ಮಾಡಿದೆ.

ಹೆಂಡತಿ ಚೀಲ ಹೆಗಲಿಗೇರಿಸುತ್ತ ಕೇಳಿದಳು:

"ಇದಕ್ಕೂ ಸಂಬಳ ಕೊಡ್ತೀರಾ ಸಾರ್? ಮನೇಲಿ ದಿನಾ ಪುಕ್ಕಟೆ ಮಾಡ್ತಾರೆ."