ಭಟ್ಟಿಯ ಗಂಡ ಹೆಂಡತಿ ಮತ್ತು ಸಿಸ್ಟರ್

ಪಾಣೆಮಂಗಳೂರಿನ ನಮ್ಮ ಹಂಚಿನ ಕಾರ್ಖಾನೆಯಲ್ಲಿ ಅಳುವಂಥದ್ದು ಆದಾಗಲೆಲ್ಲ ಜನ ನಗುವುದೇ ಜಾಸ್ತಿ. ಹಂಚು ಹೊತ್ತು ಬೆನ್ನು ಬಾಗಿದವಳು ನಾನು, ನಗದೆ ಎಂಥ ಮಾಡ್ಲಿ?

೧. ಗುಟ್ಟು

ಅರುವತ್ತರ ದಶಕದ ಕೊನೆಗಿರಬೇಕು. ಭಟ್ಟಿಯ ಮೇಸ್ತ್ರಿ ನಮ್ಮ ಪಕ್ಕದ ಮನೆಯವರು. ಬೆಂಕಿಯ ಬಣ್ಣ ನೋಡಿಯೇ ಹಂಚು ಬೆಂದದ್ದು ಹೇಳುವವರು. ನೋಡಿ ನೋಡಿ ಕಣ್ಣೇ ಮಂಜಾಯ್ತು. ಗೊತ್ತಾದರೆ ಕೆಲಸ ಹೋಗ್ತದೆ ಅಂತ ಅವರ ಹೆಂಡತಿ ಯಾರಿಗೂ ಹೇಳಲಿಲ್ಲ, ನನಗೆ ಮಾತ್ರ ಹೇಳಿದ್ದು. ಮ್ಯಾನೇಜರೊಬ್ಬರನ್ನು ಬಿಟ್ಟು ಇಡೀ ಊರಿಗೆ ಗೊತ್ತಾಯ್ತು.

೨. ಜೋಡಿ ಮತ್ತು ಒಂಟಿ

ಮ್ಯಾನೇಜರ್ ಶಾಖ ಅಳೆಯುವ ಎರಡು ಸಾಮಾನು ತಂದರು.

"ಇದು ಥರ್ಮೋಕಪಲ್. ಕಪಲ್ ಅಂದರೆ ಜೋಡಿ. ಎರಡು ಜಾತಿಯ ತಂತಿ, ಭಟ್ಟಿಯ ಬೆಂಕಿಗೂ ಜಗ್ಗುದಿಲ್ಲ. ಈ ಸಣ್ಣ ಮಣಿ ಥರ್ಮಿಸ್ಟರ್. ಚೂರು ಬಿಸಿಯಾದರೂ ಇದಕ್ಕೆ ಗೊತ್ತಾಗ್ತದೆ. ಹಸಿ ಹಂಚು ಒಣಗಿಸುವ ಕೋಣೆಗೆ ಮಾತ್ರ."

"ಗೊತ್ತಾಯ್ತು," ಅಂದರು ಮೇಸ್ತ್ರಿ. "ಅದು ಗಂಡ ಹೆಂಡತಿ, ಇದು ಸಿಸ್ಟರ್."

ಆಮೇಲೆ ಕೈಯಲ್ಲಿ ತಡಕಿ ಸಿಸ್ಟರನ್ನೇ ಭಟ್ಟಿಗೆ ನೂಕಿದರು. ಮಣಿ ಸುಟ್ಟೇ ಹೋಯ್ತು. ಮ್ಯಾನೇಜರ್ "ದಡ್ಡ" ಅಂತ ಬೈದರು. ಮೇಸ್ತ್ರಿಗೆ ಸಮಾಧಾನ, ದಡ್ಡನ ಕೆಲಸ ಹೋಗುದಿಲ್ಲ, ಕುರುಡನದ್ದು ಹೋಗ್ತದೆ.

ನಾನು ಹೇಳಿದೆ, "ಅಷ್ಟು ಬೆಂಕಿ ತಡೀಲಿಕ್ಕೆ ಸಂಸಾರ ಮಾಡಿ ಅಭ್ಯಾಸ ಇರಬೇಕು ಮಾರಾಯ್ರೆ."

೩. ಗಂಜಿ

ಮತ್ತೆ ಜೋಡಿಯನ್ನು ಹಾಕಿದರು. ಒಂದು ತುದಿ ಬೆಂಕಿಯಲ್ಲಿ, ಇನ್ನೊಂದು ಹೊರಗೆ ತಣ್ಣಗೆ. ಎರಡರ ಬಿಸಿಗೂ ಎಷ್ಟು ವ್ಯತ್ಯಾಸವೋ ಮೀಟರಿನ ಮುಳ್ಳು ಅಷ್ಟೇ ಏಳುದಂತೆ, ಕೆಂಪು ಗೆರೆ ಮುಟ್ಟಿದರೆ ಹಂಚು ಬೆಂದ ಹಾಗೆ. ಮೇಸ್ತ್ರಿಗೆ ಮುಳ್ಳು ಕಾಣಬೇಕಲ್ಲ? ಗಂಜಿ ತರುವ ನೆಪದಲ್ಲಿ ಹೆಂಡತಿ ಬಂದು ಕೂತಳು.

"ಕೆಂಪು ಗೆರೆ ಮುಟ್ಟಿತಾ?"

"ಇಲ್ಲ."

"ಈಗ?"

"ಇಲ್ಲ ಮಾರಾಯ್ರೆ, ಸೌದೆ ಹಾಕಿ."

ಮುಟ್ಟುದು ಹೇಗೆ? ಗಂಡನಿಗೆ ಬಿಸಿ ಇರಲಿ ಅಂತ ಗಂಜಿಯ ಪಾತ್ರೆಯನ್ನು ಕೆಂಡದ ಮೇಲೆ ಇಟ್ಟಿದ್ದಳು, ಆ ತಣ್ಣಗಿರಬೇಕಾದ ತುದಿಯ ಬುಡದಲ್ಲೇ! ಎರಡೂ ತುದಿ ಬಿಸಿ, ಮುಳ್ಳು ಏಳಲಿಲ್ಲ, ಇವರು ಸೌದೆ ಹಾಕುದು ಬಿಡಲಿಲ್ಲ. ಹಂಚೆಲ್ಲ ಕರಗಿ ಒಂದಕ್ಕೊಂದು ಅಂಟಿತು. ಗಂಜಿ ಮಾತ್ರ ಹದವಾಗಿತ್ತು.

೪. ಕೈ ಮುಗಿದದ್ದು

ಮೇಸ್ತ್ರಿಯನ್ನು ಆಫೀಸಿಗೆ ಕರೆದರು. ಕಿಟಕಿಯ ಹೊರಗೆ ನಾನು ಹಂಚು ಜೋಡಿಸುವವಳ ಹಾಗೆ ನಿಂತೆ.

"ಮುಳ್ಳು ಬಿಡಿ ಮೇಸ್ತ್ರಿ. ಬೆಂಕಿ ಬೆಳ್ಳಗಾದದ್ದು ಕಣ್ಣಿಗೆ ಕಾಣಲಿಲ್ವಾ?" ಅಂತ ಕೇಳಿದ ಮ್ಯಾನೇಜರ್ ಕುರ್ಚಿಯಿಂದ ಎದ್ದು, ಸದ್ದು ಮಾಡದೆ ಬಾಗಿಲ ಹತ್ತಿರ ಸರಿದು ನಿಂತರು.

ಮೇಸ್ತ್ರಿ ಮುಂಡಾಸು ತೆಗೆದರು. ಬಗ್ಗಿ ಕೈ ಮುಗಿದರು.

"ಕಣ್ಣಿಗೆ ಏನೂ ಆಗಲಿಲ್ಲ ಧನಿಗಳೇ. ನಿಮ್ಮ ಮುಖ ಈಗಲೂ ಸ್ಪಷ್ಟ ಕಾಣ್ತಾ ಉಂಟು."

ಹೇಳಿದ್ದು ಖಾಲಿ ಕುರ್ಚಿಗೆ ಹಾಕಿದ್ದ ಮ್ಯಾನೇಜರರ ಕೋಟಿಗೆ.