ಬೆಲ್ಲ ಕೊಡುವ ತಪಾಸಣೆ

ಅಣಕ ಮಾಡುವ ಚಟವೂ ತಂಬಾಕಿನಂಥದೇ, ಹತ್ತಿದರೆ ಬಿಡದು. ನಮ್ಮ ನಿಪ್ಪಾಣಿಯಲ್ಲಿ ತಂಬಾಕು ಹೊಟ್ಟೆ ಹೊರೆಯುತ್ತದೆ. ಅಣಕ ಒದೆ ತಿನ್ನಿಸುತ್ತದೆ. ಕಾಲೇಜು ಬಿಟ್ಟು, ಖರೆ ಹೇಳಬೇಕೆಂದರೆ ಕಾಲೇಜೇ ನನ್ನನ್ನು ಬಿಟ್ಟು, ಮನೆಯಲ್ಲಿ ಕೂತಿದ್ದ ಆ ಎಂಬತ್ತರ ದಶಕದಲ್ಲಿ ಕಂಡಕ್ಟರನ ದನಿ ತೆಗೆದು ಹೊರಟ ಬಸ್ಸು ನಿಲ್ಲಿಸಿದ್ದೆ. ಅಪ್ಪನ ದನಿ ತೆಗೆದು ಅಂಗಡಿಯಿಂದ ಚುರುಮುರಿ ತರಿಸುವಾಗ ಅಪ್ಪ ಬೆನ್ನ ಹಿಂದೆಯೇ ನಿಂತಿದ್ದ. ಆ ಕತೆ ಬೇಡ.

ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಮಾತ್ರ ಉಪಯೋಗಕ್ಕೆ ಬೀಳುವ ಹೆಂಗಸು. ತಂಬಾಕಿನ ವಖಾರಕ್ಕೆ ದುಡಿಯಲು ಹೋಗುವವರ ಎಂಟು ಮಕ್ಕಳನ್ನು ನಮ್ಮ ಪಡಸಾಲೆಯಲ್ಲಿ ನೋಡಿಕೊಳ್ಳುತ್ತಿದ್ದಳು. ಬಾಗಿಲಿಗೆ ಹೊರಸಿನ ಮಂಚ ಅಡ್ಡ ಇಟ್ಟರೆ ಅದೇ ಕೋಟೆ. ಇದು ಹೇಗೋ ಸರಕಾರದ ಕಿವಿಗೆ ಬಿತ್ತು. ನಿಯಮದಂತೆ ನಡೆಸಿದರೆ ಹಾಲಿನ ಪುಡಿ, ಚಾಪೆ, ಆಟಿಕೆ ಕೊಡುತ್ತೇವೆ, ಇಲ್ಲವಾದರೆ ಮುಚ್ಚಿಸುತ್ತೇವೆ ಎಂದಿತು. ನೋಡಲು ಮೈಸೂರು ಕಡೆಯ ಮೇಲ್ವಿಚಾರಕಿಯೊಬ್ಬರು, ನಮ್ಮೂರ ಮಾತಿನಲ್ಲಿ ‘ಬಾಯಿ’, ಬಂದರು. ಬಗಲಲ್ಲಿ ಚೀಲ, ಕೈಯಲ್ಲಿ ಕೊಡೆ.

“ಪುಟಾಣಿಗಳಾ, ಕೈ ಕಟ್ಟಿ, ಬಾಯಿ ಮುಚ್ಚಿ, ಸಾಲಾಗಿ ಕೂತ್ಕೊಳ್ಳಿ!”

ಎಂಟೂ ಒಂದೇ ಸುರದಲ್ಲಿ ಚೀರಿದವು. “ಗಾಳಿ ಬೆಳಕು ಪರವಾಗಿಲ್ಲ. ಮಕ್ಕಳಿಗೆ ಶಿಸ್ತಿಲ್ಲ. ಮುಂದಿನ ತಿಂಗಳೂ ಹೀಗೇ ಇದ್ರೆ ಅನುಮತಿ ಇಲ್ಲ,” ಎಂದು ಅವರು ಹೋದರು.

ಸಂಜೆ ಮಗ ಬಾಳ್ಯಾನನ್ನು ಒಯ್ಯಲು ಬಂದ ಶಾಂತಾ ಸುದ್ದಿ ಕೇಳಿ ಹೊಸ್ತಿಲಲ್ಲೇ ಕೂತಳು. “ಕಾಕು, ನೀವು ಬಾಗಲಾ ಹಾಕಿದ್ರ ನನ್ನ ಬಾಳ್ಯಾನ್ನ ತಂಬಾಕಿನ ಧೂಳದಾಗ ಮಲಗಸ್ಬೇಕ ನೋಡ್ರಿ. ಹೋದ ವರ್ಷ ಕೆಮ್ಮಿ ಕೆಮ್ಮಿ ಹೆಂಗಾಗಿತ್ತು ಕೂಸು!”

ಕಾಕು ಅಂದು ಊಟ ಮಾಡಲಿಲ್ಲ. ಮುಂಜಾನೆ ಅವಳ ಕಣ್ಣು ನನ್ನ ಮೇಲೆ ಬಿತ್ತು. “ಲೇ, ಊರ ಮಂದಿ ದನೀ ಎಲ್ಲಾ ತಗೀತಿ. ಆ ಬಾಯಾರ ದನೀನೂ ತಗಿ. ಕೇಳಿ ಕೇಳಿ ಹುಡುಗೂರ ಹೆದರಿಕಿ ಹೋಗ್ಲಿ.”

ಜೀವಮಾನದಲ್ಲಿ ಮೊದಲ ಸಲ ನನ್ನ ವಿದ್ಯೆಗೆ ಮನೆಯ ಅನುಮತಿ ಸಿಕ್ಕಿತ್ತು. ದಿನಾ ಕಾಕುವಿನ ಚೀಲ, ಅಪ್ಪನ ಕೊಡೆ ಹಿಡಿದು ಒಳಗೆ ಬರುವೆ. “ಪುಟಾಣಿಗಳಾ!” ಎನ್ನುವೆ. ಸುಮ್ಮನೆ ಕೂತವರಿಗೆ ಚೀಲದಿಂದ ಬೆಲ್ಲದ ಚೂರು. ಆದರೆ ಕಲಾವಿದನಿಗೆ ಪ್ರೇಕ್ಷಕರು ನಗದಿದ್ದರೆ ನಿದ್ದೆ ಬರುವುದೇ? ವಾರದೊಳಗೆ ನನ್ನ ಮೇಲ್ವಿಚಾರಕಿ ಕುಂಟತೊಡಗಿದಳು, ಆಮೇಲೆ ಸೀನತೊಡಗಿದಳು, ಕೊನೆಗೆ ಕುದುರೆಯಾಗಿ ಬೆನ್ನ ಮೇಲೆ ಮಕ್ಕಳನ್ನು ಹೊತ್ತಳು.

ಹೇಳಿದಂತೆ ಮರುತಿಂಗಳು ನಿಜವಾದ ಬಾಯಿ ಬಂದರು. “ಪುಟಾಣಿಗಳಾ...”

“ಬಾಯಿ ಆಲೀ! ಬಾಯಿ ಬಂದ್ಲು! ಬೆಲ್ಲಾ! ಬೆಲ್ಲಾ!” ಎಂದು ಮರಾಠಿ-ಕನ್ನಡ ಎರಡರಲ್ಲೂ ಕೂಗುತ್ತ ಎಂಟೂ ಮೇಲೆ ಬಿದ್ದವು. ಒಂದು ಚೀಲಕ್ಕೆ ಕೈ ಹಾಕಿತು, ಇನ್ನೊಂದು ಕೊಡೆಗೆ ಜೋತುಬಿತ್ತು. ಬಾಳ್ಯಾ ಅವರ ಸೀರೆ ಜಗ್ಗಿ, “ಕುದರಿ ಆಗ!” ಎಂದ. ಆಗದಿದ್ದಾಗ ಕಾಕುವಿನ ಕಡೆ ತಿರುಗಿ ದೂರಿದ: “ಕಾಕು, ಇದು ಖರೇ ಬಾಯಿ ಅಲ್ಲ. ಖರೇ ಬಾಯಿ ಅಲ್ಲಿ ಬಾಗಲಾ ಹಿಂದ ಅಡಗ್ಯಾನ!”

ಅಡಗಿದ್ದು ನಾನೇ. ಕಾಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ಬಾಯಾರ, ತಪ್ಪಾತ್ರಿ. ಈ ಭಾಡ್ಯಾನ ಕೈಯಾಗ ಕೊಟ್ಟ ನಾನಽ ಕೆಡಿಸಿದೆ. ಹುಡುಗೂರ ಹೊಟ್ಟಿ ಮ್ಯಾಲೆ ಮಾತ್ರ ಹೊಡೀಬ್ಯಾಡ್ರಿ.”

ಬಾಯಿ ಸೀರೆ ಬಿಡಿಸಿಕೊಂಡು ಹೊರಸಿನ ಮೇಲೆ ಕೂತರು. ಬಾಳ್ಯಾ ತೊಡೆ ಏರಿದ. ಅವರು ಅವನ ಉಗುರು ನೋಡಿದರು, ಕಿವಿ ನೋಡಿದರು. “ನಾನು ಹೋದ ಮನೆಯಲ್ಲೆಲ್ಲಾ ಮಕ್ಕಳು ನನ್ನ ಕಂಡ ಕೂಡಲೇ ಅಳ್ತಾವೆ ಕಣಮ್ಮ. ಓಡಿ ಬಂದದ್ದು ಇಲ್ಲೇ ಮೊದಲು,” ಎಂದರು. “ಅನುಮತಿ ಕೊಡ್ತೀನಿ. ಆದ್ರೆ ಒಬ್ಬರಿಗೆ ಎಂಟೇ ಮಕ್ಕಳು ಅಂತ ನಿಯಮ. ನಿಮ್ಮಲ್ಲಿ ಒಂಬತ್ತಿದೆ.”

“ಎಂಟಽ ಅದಾವ್ರಿ,” ಎಂದಳು ಕಾಕು.

ಅವರು ಕೊಡೆಯ ತುದಿಯನ್ನು ನನ್ನತ್ತ ಚಾಚಿದರು. “ಅದನ್ನ ಶಾಲೆಗೆ ಕಳಿಸಿ.”

“ಕಳಿಸಿದ್ವಿ ಬಾಯಾರ. ತಿರುಗಿ ತಗೋವಲ್ಲರು.”

ಮುಂದೆ ಹಾಲಿನ ಪುಡಿ ಬಂತು. ಮೊದಲ ದಿನ ಕಾಕು ಹಾಲು ಕದಡಿ, ಬೆಲ್ಲ ಹಾಕಿ ಕರೆದಳು. ಎಂಟು ಮಕ್ಕಳು ಪಡಸಾಲೆ ತುಂಬ ಉರುಳಾಡುತ್ತಿದ್ದವು. ಕೈ ಕಟ್ಟಿ, ಬಾಯಿ ಮುಚ್ಚಿ ಸಾಲಾಗಿ ಕೂತವನು ನಾನೊಬ್ಬನೇ.