ಮೂರು ಅಂಕಿಗೊಂದು ಕಲ್ಲು

ಬೈಗುಳದಲ್ಲೂ ಒಂದು ನ್ಯಾಯ ಇರಬೇಕು. ಒಂದು ತಪ್ಪನ್ನು ಜೀವಕೋಶ ಮಾಡಿದರೆ ಪುಸ್ತಕದಲ್ಲಿ ಬಣ್ಣದ ಚಿತ್ರ ಹಾಕುತ್ತಾರೆ; ಅದೇ ತಪ್ಪನ್ನು ನಾನು ಮಾಡಿದರೆ ಅರ್ಧ ತಾಂಡೂರಿಗೆ ಕೇಳುವಂತೆ ಬೈಯುತ್ತಾರೆ.

ನಮ್ಮದು ಕಲ್ಲು ಕೊಯ್ಯುವ ಕಾರ್ಖಾನೆ. ಅಳತೆಗಳ ಮೂಲ ಪುಸ್ತಕ ಅಪ್ಪನ ಕೋಣೆಯಿಂದ ಹೊರಗೆ ಕಾಲಿಡುವುದಿಲ್ಲ, ಥೇಟ್ ಕೋಶಕೇಂದ್ರದೊಳಗೆ ಕೂತ ಡಿಎನ್‌ಎ. ಅಪ್ಪ ಓದುತ್ತಾರೆ, ನಾನು ಚೀಟಿಗೆ ಇಳಿಸಿಕೊಂಡು ಮಷಿನ್ನಿನ ಬಳಿ ಓಡುತ್ತೇನೆ. ಬಿಎಸ್ಸಿ ಓದಿ ನಾನು ಕಂಡುಕೊಂಡ ಸತ್ಯ ಇಷ್ಟೇ: ನಾನೊಬ್ಬ ಆರ್‌ಎನ್‌ಎ. ಮಷಿನ್ ನಡೆಸುವ ಮಸ್ತಾನ್ ಚಾಚಾ ರೈಬೋಸೋಮು. ಚೀಟಿಯಲ್ಲಿ ಮೂರು ಮೂರು ಅಂಕಿ ಓದುತ್ತಾರೆ. ಉದ್ದ, ಅಗಲ ಅಡಿಯಲ್ಲಿ, ದಪ್ಪ ಇಂಚಿನಲ್ಲಿ. ಮೂರು ಅಂಕಿಗೊಂದು ಕಲ್ಲು. ಕೋಶದಲ್ಲೂ ಮೂರು ಅಕ್ಷರಕ್ಕೊಂದು ಅಮೈನೋ ಆಮ್ಲ, ಸಾಲಾಗಿ ಪೋಣಿಸಿದರೆ ಪ್ರೋಟೀನು. ‘ಬಸ್’, ಅಂದರೆ ಸಾಕು, ಎಂದು ಬರೆದಲ್ಲಿ ಚಾಚಾ ನಿಲ್ಲುತ್ತಾರೆ. ರೈಬೋಸೋಮಿಗೂ ಅಂಥದ್ದೊಂದು ಗುರುತಿದೆ. ಯಾಕೆ ಏನು ಎಂದು ಇಬ್ಬರೂ ಕೇಳುವವರಲ್ಲ.

ಅಪ್ಪನ ತಂಗಿ, ಧಾರೂರಿನ ಅತ್ತೆಯ ಹೊಸ ಅಡುಗೆಮನೆಗೆ ಕಲ್ಲು ಬೇಕಿತ್ತು. ಸೋಮವಾರ ಹಾಲುಕ್ಕಿಸುವ ಮುಹೂರ್ತ. ಅಪ್ಪ ಎಂದಿನ ಮೂಗಿನ ದನಿಯಲ್ಲಿ ಓದುತ್ತಿದ್ದರು: “ನಾಕು, ಎರಡು, ಒಂದು... ಮೂರು, ಎರಡು, ಒಂದು... ಐದು...” ಎಲ್ಲರನ್ನೂ ಅಣಕಿಸುವುದು ನನ್ನ ಕಲೆ. ಆ ಮೂಗನ್ನು ಅಭ್ಯಾಸ ಮಾಡುವ ಭರದಲ್ಲಿ ಮೊದಲ ‘ಎರಡು’ ಬರೆಯುವುದೇ ಬಿಟ್ಟುಹೋಯಿತು. ಒಂದೇ ಅಂಕಿ! ಅಲ್ಲಿಂದಾಚೆ ಎಲ್ಲವೂ ಒಂದು ಸ್ಥಾನ ಸರಿದು, ಮುಂದಿನ ಕಲ್ಲಿನ ಉದ್ದ ಹಿಂದಿನದರ ದಪ್ಪವಾಯಿತು.

ಶನಿವಾರ ಅತ್ತೆ ಬಂದು ನೋಡಿದರೆ ಐದಿಂಚು ದಪ್ಪದ ಕಲ್ಲು!

“ಅಣ್ಣಾ, ನಾ ಅಡಗಿಮನಿ ಕಟ್ಟಾಕ ಹತ್ತೀನೊ, ರಾಜನ ಕ್ವಾಟಿ ಕಟ್ಟಾಕ ಹತ್ತೀನೊ?”

“ಚೀಟ್ಯಾಗ ಇದ್ದಂಗ ಕೊಯ್ದೀನ್ರಿ,” ಎಂದರು ಚಾಚಾ.

“ಕೋಶದಾಗೂ ಹಿಂಗ ಆಗ್ತದಪ್ಪಾ,” ಎಂದೆ ನಾನು. “ಒಂದಕ್ಷರ ಬಿಟ್ರ ಮುಂದಿಂದೆಲ್ಲಾ ಕೆಡ್ತದ.”

“ಹಂಗಾರ ನಿನ್ನ ಪ್ರೋಟೀನೇ ಒಯ್ದು ಅತ್ತಿ ಮನ್ಯಾಗ ಹಾಸು!” ಎಂದು ಗದರಿ, ಅಪ್ಪ ಹೊಸ ಚೀಟಿ ತಾವೇ ಬರೆಯಲು ಒಳಗೆ ಹೋದರು.

ಅವರು ಹೋದ ಮೇಲೆ ನನಗೆ ಧೈರ್ಯ ಬಂತು. “ಮೂಗಿನಾಗ ಓದಿದ್ರ ಯಾರಿಗ್ ತಿಳೀತದ? ನನಗೊಬ್ಬಂಗೇ ಯಾಕ ಬೈಗುಳ?” ಎಂದು ಕೂಗಿದೆ. ಅಣಕವಲ್ಲ, ಅಪ್ಪಟ ಸಿಟ್ಟು.

ಮಷಿನ್ನಿಗೆ ಬಗ್ಗಿದ್ದ ಚಾಚಾ, ಅದರ ಗದ್ದಲದಲ್ಲಿ ಮಾತು ತಿಳಿಯದೆ ದನಿಯಷ್ಟೇ ಕೇಳಿ, ತಲೆಯೆತ್ತದೆಯೇ ಅಂದರು: “ಆತು ಬಿಡ್ರಿ ಮಾಲಕ್, ಹುಡುಗ ತಪ್ಪ್ಯಾನ. ಎಷ್ಟು ಬೈತೀರಿ? ಚೀಟಿ ಕೊಡ್ರಿ.”

ಅತ್ತೆ ಸಿಟ್ಟು ಮರೆತು ನಕ್ಕರು. “ಮಾಲಕ್ ಒಳಗ ಹೋಗ್ಯಾನ, ಚಾಚಾ! ಒದರಿದಾಂವ ಅವನ ಮಗ!”

ಭಾನುವಾರವೂ ಮಷಿನ್ ಓಡಿತು. ಸೋಮವಾರ ಹಾಲು ಉಕ್ಕಿತು. ಉಕ್ಕದೆ ಉಳಿದದ್ದು ನನ್ನ ಕಲೆಯ ಜಂಬ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಆ ಮೂಗು ಮೊದಲಿನಿಂದಲೂ ನನ್ನದೇ ಆಗಿತ್ತು. ಅಪ್ಪನ ಡಿಎನ್‌ಎಯಿಂದ ನನಗೆ ಆ ಒಂದು ಚೀಟಿ ಇಳಿಸುವಾಗ ಮಾತ್ರ ಯಾರೂ ಒಂದಕ್ಷರ ಬಿಟ್ಟಿರಲಿಲ್ಲ.